ಸೂರ್ಯನಿಗೆ ಮರೆ, ನಕ್ಷತ್ರಕ್ಕೆ ಮರೆ

1980ರ ಫೆಬ್ರುವರಿ 16, ಶನಿವಾರ. ಮಧ್ಯಾಹ್ನ ಮೂರೂಮುಕ್ಕಾಲರ ಸುಮಾರಿಗೆ ಕೊಪ್ಪಳ ಸೀಮೆಯ ಮೇಲೆ ಕತ್ತಲು ಕವಿಯಿತು. ಅಂಕೋಲೆಯ ಕಡಲತೀರದಲ್ಲಿ ನೆಲ ಮುಟ್ಟಿದ ಚಂದ್ರನ ನೆರಳು ಹುಬ್ಬಳ್ಳಿ, ಗದಗ ದಾಟಿ ಯಲಬುರ್ಗಾ, ಕುಷ್ಟಗಿ, ಕೊಪ್ಪಳ, ಗಂಗಾವತಿಗಳನ್ನು ಒಂದೇ ಬೀಸಿನಲ್ಲಿ ಹಾದು ರಾಯಚೂರಿನ ಕಡೆ ಓಡಿತು. ಆಗ ಈ ನಾಲ್ಕೂ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನೆರಳಿನ ನಡುಗೆರೆಯ ಆಸುಪಾಸಿನಲ್ಲಿ ಸೂರ್ಯಬಿಂಬ ಪೂರ್ತಿ ಮುಚ್ಚಿದ್ದು ಸುಮಾರು ಎರಡೂವರೆ ನಿಮಿಷ. ಬಹಳ ಮಂದಿ ಬಾಗಿಲು ಹಾಕಿಕೊಂಡು, ನೀರಿಗೂ ಅಡುಗೆಗೂ ಗರಿಕೆ ಹಾಕಿ ಒಳಗೆ ಕೂತಿದ್ದರು. ಹೊರಗೆ ನಿಂತವರಿಗೆ ಕಂಡದ್ದು ಕಪ್ಪು ತಟ್ಟೆ, ಅದರ ಸುತ್ತ ಬೆಳ್ಳಿಬಣ್ಣದ ಪ್ರಭೆ. ಅದೇ ಕರೋನಾ, ಸೂರ್ಯನ ಹೊರ ವಾತಾವರಣ.

ಆ ಎರಡೂವರೆ ನಿಮಿಷಕ್ಕಾಗಿ ದೇಶದ ಖಗೋಳ ವಿಜ್ಞಾನಿಗಳು ಪೆಟ್ಟಿಗೆಗಟ್ಟಲೆ ಉಪಕರಣ ಹೊತ್ತು ಈ ಭಾಗಕ್ಕೆ ಬಂದಿದ್ದರು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ (ಐಐಎ) ಒಂದು ಬೀಡು ಸಿಂಧನೂರು ಸಮೀಪದ ಜವಳಗೇರಾದಲ್ಲಿತ್ತು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಜೆ.ಎನ್. ದೇಸಾಯಿ ಮತ್ತು ಟಿ. ಚಂದ್ರಶೇಖರ್ ಗದಗದಲ್ಲಿ ಉಪಕರಣ ಹೂಡಿ ಕರೋನಾದ ಹಸಿರು ಗೆರೆಯ ಬೆನ್ನು ಹತ್ತಿದ್ದರು. 530.3 ನ್ಯಾನೋಮೀಟರ್ ತರಂಗಾಂತರದ ಈ ಗೆರೆ ಹತ್ತೊಂಬತ್ತನೇ ಶತಮಾನದ ಪಂಡಿತರನ್ನು ಚೆನ್ನಾಗಿ ಸತಾಯಿಸಿತ್ತು. ಭೂಮಿಯ ಮೇಲಿನ ಯಾವ ಧಾತುವಿಗೂ ಹೊಂದದ್ದರಿಂದ ಹೊಸ ಧಾತುವೇ ಸಿಕ್ಕಿತೆಂದು 'ಕರೋನಿಯಂ' ಎಂದು ಹೆಸರಿಟ್ಟೂ ಆಗಿತ್ತು. ಕೊನೆಗೆ ನೋಡಿದರೆ ಅದು ಹದಿಮೂರು ಎಲೆಕ್ಟ್ರಾನ್ ಕಳೆದುಕೊಂಡ ನಮ್ಮ ಮಾಮೂಲಿ ಕಬ್ಬಿಣ. ಕಬ್ಬಿಣಕ್ಕೆ ಆ ಗತಿ ಬರಬೇಕಾದರೆ ಇಪ್ಪತ್ತು ಲಕ್ಷ ಡಿಗ್ರಿಯಷ್ಟು ಬಿಸಿ ಬೇಕು.

ಐಐಎ ತಂಡದಲ್ಲಿ ಜಗದೇವ್ ಸಿಂಗ್ ಎಂಬ ತರುಣ ವಿಜ್ಞಾನಿ ಇದ್ದರು. ಸಂಸ್ಥೆಯ ನಿರ್ದೇಶಕ ಎಂ.ಕೆ. ವೇಣು ಬಾಪು ಅವರ ಒತ್ತಾಸೆಯಿಂದ ಗ್ರಹಣದ ಕೆಲಸಕ್ಕೆ ಇಳಿದವರು. ಅದು ಅವರ ಮೊದಲ ಗ್ರಹಣ ಯಾತ್ರೆ. ಮುಂದಿನ ಮೂರು ದಶಕಗಳಲ್ಲಿ ಇಂಥ ಹತ್ತರಷ್ಟು ಯಾತ್ರೆಗಳಾದವು. ಸಾಮಾನು ಕಟ್ಟು, ಹಡಗಿಗೋ ವಿಮಾನಕ್ಕೋ ಏರಿಸು, ಅಲ್ಲಿ ಬಿಚ್ಚು, ಜೋಡಿಸು, ಮೋಡ ಬಾರದಿರಲೆಂದು ಕಾಯು; ಎರಡರಿಂದ ಐದಾರು ನಿಮಿಷ ಕೆಲಸ, ಮತ್ತೆ ಕಟ್ಟು. ಹತ್ತೂ ಯಾತ್ರೆಗಳ ನಿಮಿಷಗಳನ್ನು ಕೂಡಿಸಿದರೆ ಒಂದು ಗಂಟೆ ಆದರೆ ಹೆಚ್ಚು. ಚಂದ್ರ ಯಾವಾಗ ಅಡ್ಡ ಬರುತ್ತಾನೆಂದು ಕಾಯುವ ಬದಲು ನಾವೇ ಸೂರ್ಯನಿಗೆ ಸದಾ ಮರೆ ಹಿಡಿದರೆ ಹೇಗೆ ಎಂಬ ಆಸೆ ಅವರನ್ನು ಬಿಡಲಿಲ್ಲ.

ಆಸೆ ಹೊಸದೇನಲ್ಲ. 1930ರ ಸುಮಾರಿಗೇ ಫ್ರಾನ್ಸಿನ ಬರ್ನಾರ್ ಲಿಯೋ, ಪಿಕ್ ದು ಮಿದಿ ಪರ್ವತದ ಮೇಲೆ ಗ್ರಹಣವಿಲ್ಲದ ದಿನ ಕರೋನಾದ ಚಿತ್ರ ತೆಗೆದಿದ್ದ. ದೂರದರ್ಶಕದೊಳಗೆ ಸೂರ್ಯನ ಬಿಂಬ ಮೂಡುವ ಜಾಗದಲ್ಲಿ ಒಂದು ಬಿಲ್ಲೆ ಇಟ್ಟು ಬಿಂಬವನ್ನು ಮುಚ್ಚಿದ. ಅಷ್ಟರಿಂದಲೇ ಕೆಲಸ ಆಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಬೆಳಕು ಮಸೂರದ ಅಂಚಿಗೆ ತಾಗಿ ಬಾಗುತ್ತದೆ, ಬಿಲ್ಲೆಯ ಪಕ್ಕದಿಂದ ನುಸುಳಿ ಬರುತ್ತದೆ. ಹಾಗೆ ಬಾಗಿದ ಬೆಳಕೆಲ್ಲ ಮುಂದೆ ಒಂದೆಡೆ ಉಂಗುರವಾಗಿ ಸೇರುವುದನ್ನು ಲೆಕ್ಕ ಹಾಕಿ, ಅಲ್ಲಿ ಎರಡನೆಯ ತಡೆ ಇಟ್ಟ. ಇಂದಿಗೂ ಅದರ ಹೆಸರು 'ಲಿಯೋ ತಡೆ'. ಸೂರ್ಯನ ಕರೋನಾ ನೋಡುವ ಯಂತ್ರವಿರಲಿ, ಬೇರೆ ನಕ್ಷತ್ರದ ಗ್ರಹ ನೋಡುವ ಯಂತ್ರವಿರಲಿ, ಒಳಗಿರುವುದು ಇದೇ ಎರಡು ತಡೆಗಳ ಉಪಾಯ. ಯಂತ್ರದ ಹೆಸರು ಕರೋನಾಗ್ರಾಫ್.

ಜಗದೇವ್ ಸಿಂಗ್ ಅವರ ಆಸೆ ಈಡೇರಿದ್ದು 2023ರ ಸೆಪ್ಟೆಂಬರ್ 2ರಂದು, ಸೂರ್ಯನನ್ನು ನೋಡುವ ಇಸ್ರೊ ನೌಕೆ ಆದಿತ್ಯ-ಎಲ್1 ಶ್ರೀಹರಿಕೋಟದಿಂದ ಹಾರಿದಾಗ. 1980ರಿಂದ ಎಣಿಸಿದರೆ ನಲವತ್ತಮೂರು ವರ್ಷ. ಮೊದಲು ಯೋಚಿಸಿದ್ದು ಭೂಮಿಯ ಹತ್ತಿರವೇ ಸುತ್ತುವ, ಕರೋನಾಗ್ರಾಫ್ ಒಂದನ್ನೇ ಹೊತ್ತ ಚಿಕ್ಕ ಉಪಗ್ರಹ. ಅದು ಬೆಳೆದು ಏಳು ಉಪಕರಣಗಳಾಗಿ, ಭೂಮಿಯಿಂದ ಸೂರ್ಯನ ಕಡೆಗೆ ಹದಿನೈದು ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವನ್ನು 2024ರ ಜನವರಿ 6ರಂದು ಸೇರಿತು. ಅದರ ಮುಖ್ಯ ಉಪಕರಣ 'ವೆಲ್ಕ್' ಎಂಬ ಕರೋನಾಗ್ರಾಫ್. ಸುಮಾರು 190 ಕಿಲೋ ತೂಕದ ಇದನ್ನು ಐಐಎ ಕಟ್ಟಿದ್ದು ಬೆಂಗಳೂರಿನ ಹೊರವಲಯದ ಹೊಸಕೋಟೆಯ ತನ್ನ ಕ್ರೆಸ್ಟ್ ಆವರಣದಲ್ಲಿ. ಅದು ನೋಡುವ ಬಣ್ಣಗಳಲ್ಲಿ ಒಂದು ಅದೇ 530.3ರ ಹಸಿರು ಗೆರೆ.

ಹೊಸಕೋಟೆಯ ಆ ಕೋಣೆಯ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ವೆಲ್ಕ್‌ನ ಬಾಯಿ ಸುಮಾರು ಹದಿನೈದು ಸೆಂಟಿಮೀಟರ್ ಅಷ್ಟೇ. ಒಳಗೆ ಮೊದಲ ಕನ್ನಡಿಯ ಮೇಲೆ ಸೂರ್ಯನ ಪೂರ್ತಿ ಬೆಳಕು ಬೀಳುತ್ತದೆ. ಬೇಕಾದ ಕರೋನಾ ಬಿಂಬದ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಮಂದ. ಕನ್ನಡಿಯ ಮೇಲೆ ಒಂದು ಧೂಳಿನ ಕಣ ಕೂತರೂ ಅದಕ್ಕೆ ಬಡಿದು ಚೆದುರಿದ ಬೆಳಕು ಕರೋನಾವನ್ನು ನುಂಗಿಹಾಕುತ್ತದೆ. ಆದ್ದರಿಂದ ಸೋಸಿದ ಗಾಳಿ ಬೀಸುವ ಕ್ಲೀನ್ ರೂಮು, ತಲೆಯಿಂದ ಕಾಲಿನವರೆಗೆ ನೂಲೆಳೆ ಉದುರದ ಬಿಳಿ ಗವುಸು ತೊಟ್ಟ ಎಂಜಿನಿಯರುಗಳು, ಕಣ್ಣಷ್ಟೇ ಹೊರಗೆ. ಆ ಕನ್ನಡಿಯನ್ನು ಉಜ್ಜಿ ನಯ ಮಾಡಿದ್ದು ಪೀಣ್ಯದಲ್ಲಿರುವ ಇಸ್ರೊದ ಪ್ರಯೋಗಾಲಯ ಲಿಯೋಸ್. 1975ರಲ್ಲಿ ಆರ್ಯಭಟ ಉಪಗ್ರಹ ತಯಾರಾದ ಜಾಗವೇ ಅದು. ಕನ್ನಡಿಯ ಮೈಮೇಲಿನ ಉಬ್ಬುತಗ್ಗು ಒಂದು ನ್ಯಾನೋಮೀಟರಿಗೂ, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗಕ್ಕೂ, ಎಷ್ಟೋ ಕಡಿಮೆ ಇರಬೇಕಿತ್ತು.

ಲಿಯೋ ಬಿಲ್ಲೆ ಇಟ್ಟ ಜಾಗದಲ್ಲಿ ವೆಲ್ಕ್ ಮಾಡುವುದು ಅದಕ್ಕೆ ತೀರ ಉಲ್ಟಾ. ಅಲ್ಲಿರುವುದು ನಡುವೆ ತೂತಿರುವ ಕನ್ನಡಿ. ಸೂರ್ಯನ ಬಿಂಬ ಆ ತೂತಿನಿಂದ ಆಚೆ ಇಳಿದುಹೋಗುತ್ತದೆ, ಅಲ್ಲಿ ಕಾದಿರುವ ಮೂರನೆಯ ಕನ್ನಡಿ ಅದನ್ನು ಉಪಕರಣದ ಹೊರಗೆ ಸಾಗಹಾಕುತ್ತದೆ. ಬಿಂಬದ ಸುತ್ತಲಿನ ಕರೋನಾ ಮಾತ್ರ ಒಳಗೆ ಪ್ರತಿಫಲಿಸಿ ಮುಂದಕ್ಕೆ ಸಾಗುತ್ತದೆ. ಬೇಡದ ಬೆಳಕನ್ನು ಒಳಗೆ ತಡೆದು ನಿಲ್ಲಿಸಿದರೆ ಬಿಸಿ, ಬಿಸಿಯಾದರೆ ಹಿಗ್ಗುವಿಕೆ, ಹಿಗ್ಗಿದರೆ ಅಳತೆ ತಪ್ಪುತ್ತದೆ. ಈ ತೂತು ಕನ್ನಡಿಯಿಂದಾಗಿ ವೆಲ್ಕ್ ಸೂರ್ಯನ ಅಂಚಿಗೆ ಬಹಳ ಹತ್ತಿರ, ಕೇಂದ್ರದಿಂದ ತ್ರಿಜ್ಯದ 1.05 ಪಟ್ಟು ದೂರದಿಂದಲೇ ನೋಡಲು ಶುರುಮಾಡುತ್ತದೆ. 2024ರ ಜುಲೈ 16ರಂದು ಸೂರ್ಯನಿಂದ ಸಿಡಿದ ಒಂದು ಕರೋನಾ ಸ್ಫೋಟ ಯಾವ ಹೊತ್ತಿಗೆ ಹೊರಟಿತೆಂದು ಅದು ಗುರುತಿಸಿತು.

ಇಲ್ಲಿಂದ ಬೇರೆ ಸೂರ್ಯರ ಗ್ರಹಗಳಿಗೆ ಎಷ್ಟು ದೂರ? ಉಪಾಯ ಅದೇ, ಆದರೆ ಲೆಕ್ಕ ಎದೆ ನಡುಗಿಸುವಂಥದ್ದು.

1995ರಲ್ಲಿ ಮಿಶೆಲ್ ಮೇಯರ್ ಮತ್ತು ದಿದಿಯೇ ಕೆಲೋ 51 ಪೆಗಾಸಿ ನಕ್ಷತ್ರದ ಗ್ರಹವನ್ನು ಪತ್ತೆ ಮಾಡಿದರು. ಅಂದಿನಿಂದ ದೃಢಪಟ್ಟ ಹೊರಗ್ರಹಗಳ ಸಂಖ್ಯೆ 2025ರಲ್ಲಿ ಆರು ಸಾವಿರ ದಾಟಿತು. ಬಹುಪಾಲು ಗ್ರಹಗಳನ್ನು ಯಾರೂ ಕಂಡಿಲ್ಲ. ಗ್ರಹದ ಸೆಳೆತಕ್ಕೆ ನಕ್ಷತ್ರ ತುಸು ಓಲಾಡಿತು, ಅಥವಾ ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ತುಸು ಕುಂದಿತು. ಅಷ್ಟರಿಂದಲೇ ಗ್ರಹ ಇದೆ ಎಂದು ತಿಳಿದದ್ದು. ಚಿತ್ರ ತೆಗೆದು ತೋರಿಸಿದ ಗ್ರಹಗಳು ನೂರೂ ಇಲ್ಲ. ಅವೂ ದೈತ್ಯ ಗಾತ್ರದವು, ಹೆಚ್ಚಿನವು ಈಚೆಗಷ್ಟೇ ಹುಟ್ಟಿ ಇನ್ನೂ ಕುದಿಯುತ್ತಿರುವ ಎಳೆಯ ಗ್ರಹಗಳು. ಅವುಗಳ ಸ್ವಂತ ಶಾಖವನ್ನೇ ಅವಕೆಂಪು ಕಿರಣಗಳಲ್ಲಿ ಹಿಡಿದದ್ದು.

ಭೂಮಿಯಂಥದ್ದಕ್ಕೆ ಸ್ವಂತ ಬೆಳಕಿಲ್ಲ. ದೂರದಿಂದ ನೋಡುವವರಿಗೆ ನಮ್ಮ ಭೂಮಿ ಸೂರ್ಯನ ಸಾವಿರ ಕೋಟಿಯಲ್ಲೊಂದು ಪಾಲಿನಷ್ಟು ಬೆಳಗುತ್ತದೆ. ಗುರು ಗ್ರಹವಾದರೆ ನೂರು ಕೋಟಿಯಲ್ಲೊಂದು ಪಾಲು. ಕರೋನಾದ ಹತ್ತು ಲಕ್ಷದಲ್ಲೊಂದು ಪಾಲು ಇದರ ಮುಂದೆ ಏನೇನೂ ಅಲ್ಲ. ಇನ್ನು ಸಂದು. 32 ಜ್ಯೋತಿರ್ವರ್ಷ ದೂರದಿಂದ ನೋಡಿದರೆ ಸೂರ್ಯನಿಗೂ ಭೂಮಿಗೂ ನಡುವೆ ಕಾಣುವ ಅಂತರ 0.1 ಆರ್ಕ್‌ಸೆಕೆಂಡ್. ಕೊಪ್ಪಳದಲ್ಲಿ ನಿಂತವನಿಗೆ ಕುಷ್ಟಗಿಯಲ್ಲಿ ಹಿಡಿದ ಒಂದು ರೂಪಾಯಿ ನಾಣ್ಯ ಎಷ್ಟು ಅಗಲ ಕಾಣುತ್ತದೆಯೋ ಹೆಚ್ಚೂಕಡಿಮೆ ಅಷ್ಟು. ಹಕ್ಕಿ ಹಾರುವ ದಾರಿಯಲ್ಲಿ ನಡುವೆ ನಲವತ್ತೈದು ಕಿಲೋಮೀಟರ್ ಇದೆ. ವೆಲ್ಕ್ ಸೂರ್ಯನ ಅಂಚಿಗೆ ಅತಿ ಹತ್ತಿರ ಹೋಗುವುದೆಂದರೆ ಸುಮಾರು 48 ಆರ್ಕ್‌ಸೆಕೆಂಡ್. ಹೊರಗ್ರಹಕ್ಕಾದರೆ ಅದಕ್ಕಿಂತ ಐನೂರು ಪಟ್ಟು ಹತ್ತಿರ ಸರಿಯಬೇಕು.

ಕನ್ನಡಿ ದೊಡ್ಡದಾಗಬೇಕು ಎನ್ನುವುದು ಈ ಕಾರಣಕ್ಕೆ. ಎಷ್ಟೇ ಒಳ್ಳೆಯ ಕನ್ನಡಿಯಲ್ಲೂ ನಕ್ಷತ್ರ ಚುಕ್ಕೆಯಾಗಿ ಮೂಡುವುದಿಲ್ಲ. ಸುತ್ತ ಉಂಗುರಗಳ ಮೇಲೆ ಉಂಗುರಗಳು. ಕನ್ನಡಿಯ ಅಗಲ ಹೆಚ್ಚಿದಷ್ಟು ಉಂಗುರಗಳು ಒಳಕ್ಕೆ ಕುಗ್ಗುತ್ತವೆ. 2.4 ಮೀಟರ್ ಕನ್ನಡಿಯಲ್ಲಿ ಉಂಗುರಗಳ ನಡುವಿನ ಅಂತರ 0.05 ಆರ್ಕ್‌ಸೆಕೆಂಡಿನ ಹತ್ತಿರ. ತಡೆಬಿಲ್ಲೆ ಒಳಗಿನ ಎರಡು ಮೂರು ಉಂಗುರಗಳನ್ನಾದರೂ ಮುಚ್ಚಲೇಬೇಕು, ಅಂದರೆ 0.15 ಆರ್ಕ್‌ಸೆಕೆಂಡ್. ನಕ್ಷತ್ರದ ಜೊತೆಗೆ ಭೂಮಿಯೂ ಬಿಲ್ಲೆಯ ಹಿಂದೆ ಮರೆಯಾಯಿತು! ಗುರು ಮಾತ್ರ 0.5 ಆರ್ಕ್‌ಸೆಕೆಂಡ್ ಆಚೆ ಇರುವುದರಿಂದ ಉಳಿದುಕೊಳ್ಳುತ್ತದೆ. ಭೂಮಿ ಬೇಕೆಂದರೆ ಆರು ಮೀಟರಿನ ಕನ್ನಡಿ ಬೇಕು.

ಉಂಗುರಗಳನ್ನು ಹೇಗೋ ಅಡಗಿಸಿದರೂ ಚುಕ್ಕೆಗಳ ಕಾಟ ಉಳಿಯುತ್ತದೆ. ಕನ್ನಡಿಯ ನಯದಲ್ಲಿ ಉಳಿದ ಸಣ್ಣ ಸಣ್ಣ ತಪ್ಪುಗಳಿಂದ ನಕ್ಷತ್ರದ ಬೆಳಕು ಚೆದುರಿ ಚಿತ್ರದ ತುಂಬ ಮಿಣುಕುತ್ತದೆ. ಒಂದೊಂದು ಚುಕ್ಕೆಯೂ ಥೇಟ್ ಗ್ರಹದಂತೆಯೇ ಕಾಣುತ್ತದೆ. ಎಷ್ಟು ಉಜ್ಜಿದರೂ ಇವು ಪೂರ್ತಿ ಹೋಗುವುದಿಲ್ಲ. ಹಾಗಾಗಿ ವಿನ್ಯಾಸಕಾರರು ಹಿಡಿದ ದಾರಿ ಬಾಗುವ ಕನ್ನಡಿ. ಅಂಗೈಯಷ್ಟೂ ಅಗಲವಿಲ್ಲದ ತೆಳು ಕನ್ನಡಿಯ ಬೆನ್ನಿಗೆ ನೂರಾರು, ಸಾವಿರಾರು ಪುಟ್ಟ ದೂಕುಗೋಲುಗಳು. ಒಂದೊಂದನ್ನೂ ಪರಮಾಣುವಿನ ಗಾತ್ರಕ್ಕಿಂತ ಕಡಿಮೆ ಅಳತೆಯಲ್ಲಿ ಮೇಲೆ ಕೆಳಗೆ ಸರಿಸಿ, ಚೆದುರಿದ ಬೆಳಕಿನ ಅಲೆಗೆ ಎದುರಲೆ ಹುಟ್ಟಿಸಿ, ಚಿತ್ರದ ಒಂದು ಭಾಗದಲ್ಲಿ ಕಪ್ಪು ಗುಂಡಿ ತೋಡುತ್ತಾರೆ. ಗ್ರಹ ಕಂಡರೆ ಆ ಕಪ್ಪಿನಲ್ಲೇ ಕಾಣಬೇಕು.

ಇದು ಬರಿಯ ಕಾಗದದ ಮೇಲಿನ ಮಾತಲ್ಲ. ನಾಸಾದ ರೋಮನ್ ಬಾಹ್ಯಾಕಾಶ ದೂರದರ್ಶಕದಲ್ಲಿ ಇಂಥ ಕರೋನಾಗ್ರಾಫ್ ಇದೆ. ಕನ್ನಡಿ 2.4 ಮೀಟರ್, ಒಳಗೆ ಎರಡು ಬಾಗುವ ಕನ್ನಡಿಗಳು, ಒಂದೊಂದರ ಬೆನ್ನಿಗೆ 48 ಸಾಲು 48 ಕಂಬ, ಒಟ್ಟು 2,304 ದೂಕುಗೋಲು. ಬೆಳಕಿನ ಕಣಗಳನ್ನು ಒಂದೊಂದಾಗಿ ಎಣಿಸುವ ಕ್ಯಾಮೆರಾ. 2027ರ ಮೇ ಒಳಗೆ ಹಾರಿಸುವ ಗುರಿ ಇಟ್ಟುಕೊಂಡಿದ್ದಾರೆ. ಈ ಕರೋನಾಗ್ರಾಫ್‌ಗೆ ವಹಿಸಿದ ಕೆಲಸ ವಿಜ್ಞಾನಕ್ಕಿಂತ ಹೆಚ್ಚಾಗಿ ಒಂದು ಪ್ರಯೋಗ: ಅಂತರಿಕ್ಷದಲ್ಲಿ ಈ ತಂತ್ರ ನಡೆಯುತ್ತದೋ ಇಲ್ಲವೋ ತೋರಿಸು ಎಂದಷ್ಟೇ. ಅದರ ನಂತರ 2040ರ ದಶಕಕ್ಕೆಂದು ಯೋಚಿಸಿರುವುದು ಆರು ಮೀಟರ್ ಆಸುಪಾಸಿನ ಹ್ಯಾಬಿಟಬಲ್ ವರ್ಲ್ಡ್ಸ್ ಅಬ್ಸರ್ವೇಟರಿ. ಬೇಕಾದ ಸ್ಥಿರತೆ ಹತ್ತು ಪಿಕೋಮೀಟರಿನ ಮಟ್ಟದ್ದು, ಅಂದರೆ ಪರಮಾಣುವಿನ ಅಗಲದ ಹತ್ತನೇ ಒಂದು ಪಾಲು. ಅಷ್ಟು ಅಲುಗದೆ ನಿಂತರೂ, ಭೂಮಿಯಂಥ ಗ್ರಹದಿಂದ ಆ ಕನ್ನಡಿಯ ಮೇಲೆ ಸೆಕೆಂಡಿಗೊಂದು ಬೆಳಕಿನ ಕಣ ಬೀಳುವುದೂ ಕಷ್ಟ. ಅದನ್ನೇ ದಿನಗಟ್ಟಲೆ ಕೂಡಿಸಿಟ್ಟು, ಬಣ್ಣ ಬಿಡಿಸಿ, 760 ನ್ಯಾನೋಮೀಟರಿನಲ್ಲಿ ಆಮ್ಲಜನಕದ ಗುರುತಿದೆಯೇ, 940ರಲ್ಲಿ ನೀರಿನ ಗುರುತಿದೆಯೇ ಎಂದು ಹುಡುಕಬೇಕು.

ಅವಸರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ನಕ್ಷತ್ರಗಳ ಕಥೆ ಇದೆ. ದೀಪಾವಳಿ ಮುಗಿದ ದಿನಗಳಲ್ಲಿ ರಾತ್ರಿ ಎಂಟರ ಹೊತ್ತಿಗೆ ಕೊಪ್ಪಳ ಸೀಮೆಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ನಡು ಎತ್ತರದಲ್ಲಿ ಒಂಟಿಯಾಗಿ ಹೊಳೆಯುವುದು ಫೊಮಲ್‌ಹಾಟ್. ಅದೇ ಹೊತ್ತಿಗೆ ಹೆಚ್ಚುಕಡಿಮೆ ನೆತ್ತಿಯ ಮೇಲೆ, ಬರಿಗಣ್ಣಿಗೆ ಸಿಕ್ಕೀತೋ ಇಲ್ಲವೋ ಎಂಬಷ್ಟು ಮಂಕಾಗಿ ಎಚ್‌ಆರ್ 8799 ಇರುತ್ತದೆ. 2008ರ ನವೆಂಬರ್ 13ರಂದು, ಒಂದೇ ದಿನ, ಎರಡರ ಗ್ರಹಗಳ ಚಿತ್ರಗಳೂ ಪ್ರಕಟವಾದವು. ಎಚ್‌ಆರ್ 8799ರ ಸುತ್ತ ಮೂರು ಗ್ರಹ ಕಂಡಿದ್ದವು, 2010ರಲ್ಲಿ ನಾಲ್ಕನೆಯದೂ ಸಿಕ್ಕಿತು. ವೆಬ್ ದೂರದರ್ಶಕ ಈಚೆಗೆ ಅಲ್ಲಿ ಇಂಗಾಲದ ಡೈಆಕ್ಸೈಡನ್ನೂ ಗುರುತಿಸಿದೆ. ಫೊಮಲ್‌ಹಾಟಿನ ಗ್ರಹಕ್ಕೆ ಹಬಲ್ ದೂರದರ್ಶಕ ತೆಗೆದ ಚಿತ್ರವೇ ಸಾಕ್ಷಿ, 'ಡೇಗನ್' ಎಂಬ ಅಧಿಕೃತ ಹೆಸರೂ ಆಯಿತು. ಆಮೇಲೆ ಆ ಚುಕ್ಕೆ ಹರಡಿಕೊಳ್ಳುತ್ತ, ಮಂಕಾಗುತ್ತ, ಕಾಣೆಯಾಯಿತು. ಎರಡು ದೊಡ್ಡ ಬಂಡೆಗಳು ಡಿಕ್ಕಿ ಹೊಡೆದು ಎದ್ದ ಧೂಳಿನ ಮೋಡ ಅದಾಗಿರಬೇಕೆಂದು 2020ರಲ್ಲಿ ವಿಜ್ಞಾನಿಗಳು ತರ್ಕಿಸಿದರು. ವೆಬ್ ಈಗ ತಣ್ಣನೆಯ ಗ್ರಹಗಳತ್ತಲೂ ಕೈಚಾಚಿದೆ. ಹನ್ನೆರಡು ಜ್ಯೋತಿರ್ವರ್ಷ ದೂರದ ಎಪ್ಸಿಲಾನ್ ಇಂಡಿಯ ಗ್ರಹದ ಚಿತ್ರ 2024ರಲ್ಲಿ ಬಂತು. 2025ರಲ್ಲಿ ಟಿಡಬ್ಲ್ಯುಎ 7 ನಕ್ಷತ್ರದ ಬಳಿ ಶನಿಯಷ್ಟು ತೂಕದ್ದೊಂದು ಸಿಕ್ಕಿತು.

ಮರೆಯನ್ನು ದೂರದರ್ಶಕದ ಒಳಗೇ ಇಡಬೇಕೆಂದಿಲ್ಲ. ಖಗೋಳ ವಿಜ್ಞಾನಿ ಲೈಮನ್ ಸ್ಪಿಟ್ಜರ್ 1962ರಲ್ಲೇ ಹೇಳಿದ್ದ: ದೂರದರ್ಶಕದ ಮುಂದೆ ಬಹುದೂರದಲ್ಲಿ ಪ್ರತ್ಯೇಕವಾಗಿ ಒಂದು ಮರೆ ಹಾರಿಸಿ. ನಕ್ಷತ್ರಕ್ಕಾದರೆ ಅದು ಹತ್ತಾರು ಮೀಟರ್ ಅಗಲವಿದ್ದು, ಹತ್ತಾರು ಸಾವಿರ ಕಿಲೋಮೀಟರ್ ಆಚೆ ಇರಬೇಕು. ಇದರ ಚಿಕ್ಕ ರೂಪ ಈಗಾಗಲೇ ನಡೆದಿದೆ, ಅದೂ ಇಸ್ರೊ ರಾಕೆಟ್ಟಿನಲ್ಲಿ. 2024ರ ಡಿಸೆಂಬರ್ 5ರಂದು ಪಿಎಸ್‌ಎಲ್‌ವಿ ಹಾರಿಸಿದ ಯುರೋಪಿನ ಪ್ರೋಬಾ-3ರಲ್ಲಿ ಎರಡು ನೌಕೆಗಳು. ಒಂದರ ಮೇಲೆ 1.4 ಮೀಟರ್ ತಟ್ಟೆ, 150 ಮೀಟರ್ ಹಿಂದೆ ಇನ್ನೊಂದರಲ್ಲಿ ಕ್ಯಾಮೆರಾ. ಗಂಟೆಗಟ್ಟಲೆ ಕೃತಕ ಖಗ್ರಾಸ.

ಹಾಗಾದರೆ ನಾವೆಲ್ಲಿದ್ದೇವೆ? ಹೊರಗ್ರಹ ನೋಡುವ ಕರೋನಾಗ್ರಾಫ್ ಭಾರತದಲ್ಲಿ ಇನ್ನೂ ಆಗಿಲ್ಲ. ಆದರೆ ಅದರ ಅಕ್ಕಪಕ್ಕದ ಕೆಲಸ ಬೆಂಗಳೂರಿನಲ್ಲಿ ಆಗಿದೆ. ಚಂದ್ರಯಾನ-3 ಎಂದರೆ ಎಲ್ಲರಿಗೂ ವಿಕ್ರಮ್ ಮತ್ತು ಪ್ರಜ್ಞಾನ್ ನೆನಪಿಗೆ ಬರುತ್ತವೆ. ಅವನ್ನು ಚಂದ್ರನವರೆಗೆ ಹೊತ್ತೊಯ್ದ ನೌಕೆಯಲ್ಲಿ 'ಶೇಪ್' ಎಂಬ ಇನ್ನೊಂದು ಉಪಕರಣ ಇತ್ತು. ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದದ್ದು. ಚಂದ್ರನ ಕಕ್ಷೆಯಿಂದ ಭೂಮಿಯನ್ನೇ ಪರಕೀಯ ಗ್ರಹವೆಂಬಂತೆ ನೋಡುವುದು ಅದರ ಕೆಲಸ. 1ರಿಂದ 1.7 ಮೈಕ್ರಾನ್ ಅವಕೆಂಪಿನಲ್ಲಿ, ಜೀವ ತುಂಬಿದ ಗ್ರಹವೊಂದರ ಬೆಳಕು ಹೇಗಿರುತ್ತದೆ, ಅದರ ಧ್ರುವೀಕರಣ ಹೇಗಿರುತ್ತದೆ ಎಂದು ಅಳೆಯಬೇಕಿತ್ತು. ನಕ್ಷತ್ರದ ನೇರ ಬೆಳಕಿಗೆ ಧ್ರುವೀಕರಣ ಇಲ್ಲವೆನ್ನುವಷ್ಟು ಕಡಿಮೆ, ಗ್ರಹದಿಂದ ಚೆದುರಿ ಬಂದದ್ದಕ್ಕೆ ಉಂಟು. ಎರಡನ್ನೂ ಬೇರ್ಪಡಿಸಲು ಇದೊಂದು ಕೈಮರ. ಲ್ಯಾಂಡರ್ ಇಳಿದ ಸಡಗರದಲ್ಲಿ ಈ ಉಪಕರಣವನ್ನು ಪತ್ರಿಕೆಗಳು ಹೆಚ್ಚು ಗಮನಿಸಲಿಲ್ಲ, ಅದು ಅನ್ಯಾಯವೇ. 2023ರಲ್ಲಿ ಇಸ್ರೊ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 'ಎಕ್ಸೋವರ್ಲ್ಡ್ಸ್' ಎಂಬ ಹೊರಗ್ರಹ ಉಪಗ್ರಹದ ಯೋಚನೆಯನ್ನೂ ಪ್ರಸ್ತಾಪಿಸಿದ್ದರು.

ವೆಲ್ಕ್ ಕಟ್ಟಿದ ಮಾತ್ರಕ್ಕೆ ಮುಂದಿನದು ಸಲೀಸು ಎಂದು ಹೇಳುವಂತಿಲ್ಲ. ಸೂರ್ಯನ ವಿಚಾರದಲ್ಲಿ ಬೆಳಕಿಗೆ ಬರವಿಲ್ಲ, ಗ್ರಹದ ವಿಚಾರದಲ್ಲಿ ಬರವೇ ಬರ. ಹದಿನೈದು ಸೆಂಟಿಮೀಟರಿನಿಂದ ಮೀಟರುಗಟ್ಟಲೆ ಕನ್ನಡಿಗೆ ಜಿಗಿಯಬೇಕು, ಬಾಗುವ ಕನ್ನಡಿಗಳನ್ನು ನಾವೇ ಮಾಡಿ ಅಂತರಿಕ್ಷಕ್ಕೆ ಒಗ್ಗಿಸಬೇಕು. ಚೆದುರಿದ ಬೆಳಕನ್ನು ಹತ್ತು ಸಾವಿರ ಪಟ್ಟು ಇನ್ನಷ್ಟು ತಗ್ಗಿಸಬೇಕು. ಆದರೂ ಕನ್ನಡಿ ಉಜ್ಜುವ ಕೈ, ಧೂಳು ಸುಳಿಯದಂತೆ ಜೋಡಿಸುವ ಶಿಸ್ತು, ಚೆದುರುವ ಬೆಳಕಿನ ಲೆಕ್ಕ, ಈ ಮೂರೂ ಪೀಣ್ಯ ಮತ್ತು ಹೊಸಕೋಟೆಯಲ್ಲಿ ಕೂತಿವೆ. ಮಾಡಿದವರು ನಿವೃತ್ತರಾಗುವ ಮೊದಲೇ ಮುಂದಿನ ಉಪಕರಣ ಮಂಜೂರಾಗದಿದ್ದರೆ ಆ ಕೈಗುಣ ಕಡತಗಳಲ್ಲಿ ಉಳಿಯುವುದಿಲ್ಲ. ರೋಮನ್ ಏನು ಕಲಿಸುತ್ತದೆ ನೋಡಿ ಆಮೇಲೆ ಶುರುಮಾಡೋಣ ಎನ್ನುವುದು ತಡವಾದ ಆಲೋಚನೆ.

ಇಂಥ ಉಪಕರಣ ಕಟ್ಟುವುದು ಖಗೋಳಶಾಸ್ತ್ರ ಓದಿದವರಿಂದ ಮಾತ್ರ ಆಗುವ ಕೆಲಸವಲ್ಲ. ಹಿಗ್ಗುವಿಕೆ ಲೆಕ್ಕ ಹಾಕುವ ಮೆಕ್ಯಾನಿಕಲ್‌ನವರು, ಕ್ಯಾಮೆರಾ ನೋಡಿಕೊಳ್ಳುವ ಎಲೆಕ್ಟ್ರಾನಿಕ್ಸ್‌ನವರು, ದೂಕುಗೋಲು ಆಡಿಸುವ ಪ್ರೋಗ್ರಾಂ ಬರೆಯುವವರು ಎಲ್ಲರೂ ಬೇಕು. ಐಐಎ ಕಲ್ಕತ್ತಾ ವಿಶ್ವವಿದ್ಯಾಲಯದ ಜೊತೆ ಸೇರಿ ಖಗೋಳ ಉಪಕರಣಗಳ ಮೇಲೆಯೇ ಎಂ.ಟೆಕ್–ಪಿಎಚ್‌.ಡಿ. ಕೋರ್ಸ್ ನಡೆಸಿಕೊಂಡು ಬಂದಿದೆ. ಎಂಜಿನಿಯರಿಂಗ್ ಪದವೀಧರರಿಗೂ ಭೌತವಿಜ್ಞಾನ ಎಂ.ಎಸ್ಸಿ. ಮಾಡಿದವರಿಗೂ ಅಲ್ಲಿ ಬಾಗಿಲು ತೆರೆದಿದೆ. ಮುಂದಿನ ಸಲ ಅರ್ಜಿ ಕರೆದಾಗ ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹುಡುಗ ಹುಡುಗಿಯರೂ ಹಾಕಬೇಕು.